ಒಣಮೀನಿನ ಕಲ್ಲು

ಮೂಡಿಗೆರೆಯ ಸಂತೆಮಾಳಕ್ಕೆ ಆ ಕಾಲದಲ್ಲಿ ಗೋಡೆ ಇರಲಿಲ್ಲ, ಬಾಗಿಲು ಇರಲಿಲ್ಲ, ಬೀಗದ ಮಾತಂತೂ ದೂರವೇ ಉಳಿಯಿತು. ಇದ್ದದ್ದು ಕಲ್ಲುಗಳು. ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಕಲ್ಲು. ಶುಕ್ರವಾರದ ಸಂತೆ ಮುಗಿಸಿ ಏಳುವಾಗ ತಾನು ಕೂತ ಜಾಗದ ಮೇಲೆ ತನ್ನ ಕಲ್ಲನ್ನಿಟ್ಟು ಹೋದರೆ ಮುಗಿಯಿತು. ಮುಂದಿನ ಶುಕ್ರವಾರದವರೆಗೆ ಆ ಕಲ್ಲೇ ಅವನ ಪರವಾಗಿ ಅಲ್ಲಿ ಕೂತಿರುತ್ತಿತ್ತು. ಅಣ್ಣನ ತೋಟದ ಬೇಲಿ ಒತ್ತಿದವರು, ದೇವರ ಮುಂದೆ ಆಣೆ ಮಾಡಿ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತವರು ಆ ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಸಂತೆಕಲ್ಲನ್ನು ಸರಿಸಿದವರು ಒಬ್ಬರೂ ಇರಲಿಲ್ಲ. ಮನುಷ್ಯ ಎಲ್ಲಾದರೂ ಒಂದು ಕಡೆ ಪ್ರಾಮಾಣಿಕನಾಗಿರಬೇಕಲ್ಲ, ಮೂಡಿಗೆರೆಯವರು ಅದಕ್ಕೆ ಸಂತೆಮಾಳವನ್ನು ಆರಿಸಿಕೊಂಡಿದ್ದರು.

ಕುಬ್ರಾಬಿಯ ಕಲ್ಲು ರಸ್ತೆಗೆ ತಾಗಿದ ಮುಂದಿನ ಸಾಲಿನಲ್ಲಿ, ಅತ್ತಿಮರದ ಬುಡದಲ್ಲಿತ್ತು. ಅದು ಒಡೆದ ಒರಳುಕಲ್ಲಿನ ಅರ್ಧ ಭಾಗ, ಅವಳ ಅತ್ತೆಯ ಕಾಲದ್ದು. ಅತ್ತೆ ಅಲ್ಲಿ ಒಣಮೀನು ಮಾರಿದ್ದಳು, ಅತ್ತೆ ತೀರಿಕೊಂಡ ಮೇಲೆ ಸೊಸೆ ಅದನ್ನೇ ಮಾರುತ್ತಿದ್ದಳು. ಗಂಡ ಎರಡು ಮಳೆಗಾಲದ ಹಿಂದೆ ಚಳಿಜ್ವರದಲ್ಲಿ ಹೋದ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದು ಆ ಅರ್ಧ ಒರಳಿನಿಂದಲೇ.

ನಾತ ಹೊಡೆಯುವ ಸರಕು ಎಲ್ಲರಿಗಿಂತ ಮುಂದೆ ಹೇಗೆ ಬಂತು ಎಂದು ಹೊಸಬರು ಕೇಳುವುದಿತ್ತು. ಅದಕ್ಕೆ ಕಾರಣ ಸರಳ. ಸಂತೆ ಶುರುವಾದ ಕಾಲದಲ್ಲಿ ರಸ್ತೆಯ ಅಂಚು ಯಾರಿಗೂ ಬೇಡವಾಗಿತ್ತು. ಬೇಸಿಗೆಯಲ್ಲಿ ಗಾಡಿಗಳ ಧೂಳು, ಮಳೆಯಲ್ಲಿ ಗಾಡಿಗಳ ಕೆಸರು. ದೊಡ್ಡವರೆಲ್ಲ ಒಳಗೆ ಬೆಚ್ಚಗೆ ಕೂತು, ಅಂಚನ್ನು ಬಡವರಿಗೆ ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟರು. ಆಮೇಲೆ ಮೋಟಾರು ಬಸ್ಸು ಬಂತು. ಬಸ್ಸು ಅತ್ತಿಮರದ ಎದುರು ನಿಲ್ಲತೊಡಗಿತು. ಇಳಿದವರು ಮೊದಲು ಕಂಡದ್ದನ್ನು ಮೊದಲು ಕೊಂಡರು. ಆಗ ದೊಡ್ಡವರಿಗೆ ಒಣಮೀನು ನಾರುತ್ತದೆ ಎಂಬುದು ಮೊದಲ ಸಲ ಗೊತ್ತಾಯಿತು.

ಹೀಗೆ ಹುಟ್ಟಿದ್ದು ಸಂತೆ ಸುಧಾರಣಾ ಸಮಿತಿ. ಅಧ್ಯಕ್ಷರು ತೋಟದ ಜಯದೇವಪ್ಪನವರು. ವಯಸ್ಸಾದವರು, ನಸ್ಯದ ಡಬ್ಬಿ ಕೈಬಿಟ್ಟವರಲ್ಲ. ಕಾರ್ಯದರ್ಶಿ ಜವಳಿ ಅಂಗಡಿಯ ಓಂಕಾರಮೂರ್ತಿ. ಓಂಕಾರಮೂರ್ತಿ ಒಮ್ಮೆ ಬೆಂಗಳೂರಿಗೆ ಹೋಗಿ, ಸೂರು ಇದ್ದ ಮಾರುಕಟ್ಟೆಯನ್ನೂ ಅದರ ಮೇಲಿದ್ದ ಗಡಿಯಾರವನ್ನೂ ನೋಡಿ ಬಂದಿದ್ದರು. ಅಂದಿನಿಂದ ಅವರಿಗೆ ಆಕಾಶದ ಕೆಳಗೆ ನಡೆಯುವ ವ್ಯಾಪಾರವೆಲ್ಲ ಅನಾಗರಿಕವಾಗಿ ಕಾಣುತ್ತಿತ್ತು. ಸಮಿತಿ ಒಂದು ತೀರ್ಮಾನ ಮಾಡಿತು: ಶುಚಿಯಾದ ಸರಕು ಮುಂದೆ, ನಾತದ ಸರಕು ಹಿಂದೆ. ಮುಂದೆ ಮಂಗಳೂರು ಹೆಂಚಿನ ಅಂಗಡಿಗಳ ಸಾಲು ಕಟ್ಟುವುದು. ಹಿಂದೆ ಎಂದರೆ ಹಳ್ಳದ ಆಚೆ, ಗಾಡಿ ಎತ್ತುಗಳನ್ನು ಕಟ್ಟುವ ಕಡೆ. ಹೊಸ ಸಾಲಿನ ಮೊದಲ ಅಂಗಡಿ, ಅಂದರೆ ಅತ್ತಿಮರದ ಬುಡದ್ದು, ಕಾರ್ಯದರ್ಶಿಗಳಿಗೇ ಸಲ್ಲಬೇಕೆಂದು ಸಮಿತಿ ಹಟ ಹಿಡಿಯಿತಂತೆ. ಅವರು ಬೇಡ ಬೇಡವೆಂದರೂ ಬಿಡಲಿಲ್ಲವಂತೆ. ಇದನ್ನು ಊರಿಗೆ ಹೇಳಿದವರು ಓಂಕಾರಮೂರ್ತಿಯವರೇ ಆದ್ದರಿಂದ ನಂಬದೆ ಗತಿಯಿಲ್ಲ.

ಸುದ್ದಿ ಕೇಳಿ ಕುಬ್ರಾಬಿ ಜವಳಿ ಅಂಗಡಿಯ ಮೆಟ್ಟಿಲಿನ ಕೆಳಗೆ ಹೋಗಿ ನಿಂತಳು.

"ಸಾವ್ಕಾರ್ರೇ, ಹಳ್ಳದಾಚೆ ಕೂತ್ರೆ ನನ್ನ ಹತ್ರ ಯಾರು ಬರ್ತಾರೆ? ಎಸ್ಟೇಟಿನ ಆಳುಗಳು ರಸ್ತೆ ಹಿಡ್ಕೊಂಡು ಬರ್ತಾರೆ, ರಸ್ತೆ ಹಿಡ್ಕೊಂಡು ಹೋಗ್ತಾರೆ."

ಓಂಕಾರಮೂರ್ತಿ ಕರವಸ್ತ್ರವನ್ನು ಮೂಗಿಗೆ ಹಿಡಿದೇ ನಕ್ಕರು. "ನಿನ್ನ ಸರಕಿಗೆ ವಿಳಾಸ ಬೇರೆ ಬೇಕಾ ಕುಬ್ರಾಬಿ? ಮೂಗು ಇದ್ದವ್ರು ಎಲ್ಲಿದ್ರೂ ಹುಡ್ಕಿಕೊಂಡು ಬರ್ತಾರೆ ಬಿಡು."

ಅವಳು ಮರಳಿ ಬಂದು ಪಕ್ಕದ ಕಲ್ಲಿನ ಯಲ್ಲಮ್ಮನಿಗೆ ಹೇಳಿದಳು. ಯಲ್ಲಮ್ಮ ಹೊಗೆಸೊಪ್ಪು ಮಾರುವವಳು. ಒಣಮೀನಿನ ಪಕ್ಕ ಹೊಗೆಸೊಪ್ಪನ್ನು ಬಿಟ್ಟರೆ ಬೇರೆ ಯಾವ ಸರಕೂ ಬಾಳಿಕೆ ಬಾರದು. ಎರಡು ನಾತಗಳೂ ಎಷ್ಟೋ ವರ್ಷಗಳಿಂದ ಅಕ್ಕತಂಗಿಯರ ಹಾಗೆ ಹೊಂದಿಕೊಂಡಿದ್ದವು.

"ಅವ್ರಿಗೆ ಮೂಗು ಯಾವಾಗ ಬಂತು ಮಾರಾಯ್ತಿ?" ಎಂದಳು ಯಲ್ಲಮ್ಮ.

"ಬಸ್ಸು ಬಂದ ಮೇಲೆ."

"ಹಂಗಾರೆ ರೈಲು ಬರೂದು ಬೇಡಪ್ಪ. ಕಿವಿನೂ ಬಂದ್ಬಿಟ್ರೆ ನಮ್ಮ ಮಾತೂ ಆಡಾಂಗಿಲ್ಲ."

ಕುಬ್ರಾಬಿ ನಕ್ಕಳು. ಆದರೆ ಅವಳ ಚಿಂತೆ ಗಿರಾಕಿಗಳದ್ದು ಮಾತ್ರವಲ್ಲ. ಮೀನು ತರುವ ಅಹಮದನದ್ದೂ ಇತ್ತು. ಅಹಮದನ ಎತ್ತಿನ ಗಾಡಿ ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ, ಶುಕ್ರವಾರ ಕೋಳಿ ಕೂಗುವ ಮುಂಚೆ ಮೂಡಿಗೆರೆ ತಲುಪುತ್ತಿತ್ತು. ಆ ಹೊತ್ತಿಗೆ ಸಂತೆಮಾಳದಲ್ಲಿ ನರಪಿಳ್ಳೆ ಇರುವುದಿಲ್ಲ. ಅವನು ಅವಳ ಕಲ್ಲಿನ ಪಕ್ಕ ಮೂಟೆ ಇಳಿಸಿ, ಯಾರನ್ನೂ ಎಬ್ಬಿಸದೆ ಮುಂದಿನ ಊರಿಗೆ ಹೋಗುತ್ತಿದ್ದ. ಕಲ್ಲಿನ ಪಕ್ಕ ಇಳಿದ ಸರಕನ್ನು ಕಲ್ಲಿನವರ ಹೊರತು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅದೂ ಸಂತೆಯ ಕಟ್ಟಳೆಯೇ. ಸಮಿತಿಯ ತೀರ್ಮಾನ ಕೇಳಿ ಅಹಮದ್ ಕಳೆದ ವಾರ ಅವಳು ಬರುವವರೆಗೆ ಕಾದಿದ್ದು ಹೇಳಿಬಿಟ್ಟಿದ್ದ.

"ಕುಬ್ರಾಬಿ, ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಕತ್ತಲೆಲಿ ಹಳ್ಳ ದಾಟಿ ಗಾಡಿ ಹೊಡಿಯೂದು ನನ್ನಿಂದಾಗೂದಿಲ್ಲ. ಬರೂ ವಾರ ಮಳೆಗಾಲದ ಸರಕು ಇಳಿಸ್ತೇನೆ. ಮಳೆ ಕಳೆದ ಮೇಲೆ ನಿಮ್ಮ ಕಲ್ಲು ರಸ್ತೆ ಬದಿ ಕಂಡ್ರೆ ನಿಮಗೆ. ಕಾಣದಿದ್ರೆ ಬಣಕಲ್ಲು ಊರಿನವ್ರು ಸರಕು ಕೇಳ್ತಾ ಇದ್ದಾರೆ."

ಅಂದರೆ ಕಲ್ಲು ಹೋದರೆ ಜಾಗ ಹೋಗುತ್ತದೆ, ಜಾಗ ಹೋದರೆ ಮೀನು ಹೋಗುತ್ತದೆ. ಇಷ್ಟು ತಿಳಿಯಲು ಅವಳಿಗೆ ಯಾವ ಸಮಿತಿಯೂ ಬೇಕಿರಲಿಲ್ಲ.

ಆ ಶುಕ್ರವಾರ ಮಳೆ ಹಿಡಿಯುವ ಮುಂಚಿನ ಕೊನೆಯ ದೊಡ್ಡ ಸಂತೆ. ತೋಟದ ಆಳುಗಳು ಮಳೆಗಾಲಕ್ಕೆಲ್ಲ ಆಗುವಷ್ಟು ಒಣಮೀನನ್ನು ಒಟ್ಟಿಗೆ ಕೊಳ್ಳುವ ದಿನ. ಸಮಿತಿಯವರು ಶಂಕುಸ್ಥಾಪನೆಗೂ ಅದೇ ದಿನವನ್ನು ಆರಿಸಿದರು. ನಾಳೆಯೋ ನಾಡಿದ್ದೋ ಮೂರು ತಿಂಗಳು ಬಿಡದೆ ಸುರಿಯುವ ಮಳೆ ಬರುವುದಿರುವಾಗ ಕಟ್ಟಡಕ್ಕೆ ಕಲ್ಲು ಹಾಕುವುದು ಜಾಣತನವೇ ಎಂದು ಯಾರೂ ಕೇಳಲಿಲ್ಲ. ಜಿಲ್ಲೆಯ ದೊಡ್ಡ ಸಾಹೇಬರು ಅಂದು ಬಿಡುವಾಗಿದ್ದರು. ಮಳೆ ಯಾವಾಗ ಬೇಕಾದರೂ ಬರುತ್ತದೆ, ಸಾಹೇಬರು ಬರುತ್ತಾರೆಯೇ?

ಸಾಹೇಬರು ಕೂರಲು ವೇದಿಕೆ ಬೇಕಾಯಿತು. ಓಂಕಾರಮೂರ್ತಿ ತಳವಾರ ಬೊಮ್ಮಯ್ಯನನ್ನು ಕರೆದು, ಮಾಳದಲ್ಲಿ ಅಡ್ಡಾದಿಡ್ಡಿ ಬಿದ್ದಿರುವ ಕಲ್ಲುಗಳನ್ನೆಲ್ಲ ಆಯ್ದು ಅತ್ತಿಮರದ ಬುಡದಲ್ಲಿ ಜಗಲಿ ಕಟ್ಟು ಎಂದರು.

"ಅವು ಬಿದ್ದಿರೂ ಕಲ್ಲಲ್ಲ ಸ್ವಾಮಿ," ಎಂದ ಬೊಮ್ಮಯ್ಯ. "ಇಟ್ಟಿರೂ ಕಲ್ಲು."

"ಯಾರು ಇಟ್ಟದ್ದು? ಸರ್ಕಾರವಾ?"

ಸರ್ಕಾರ ಇಟ್ಟದ್ದಲ್ಲ ಎಂಬುದು ಬೊಮ್ಮಯ್ಯನಿಗೂ ಗೊತ್ತಿತ್ತು. ಗುರುವಾರ ಸಂಜೆ ಅವನು ಪ್ರತಿ ಕಲ್ಲಿಗೂ ಕೈಮುಗಿದು ಎತ್ತಿದ. ಉಪ್ಪಿನವನ ಕಲ್ಲು, ಬಳೆಯವಳ ಕಲ್ಲು, ಕಲಾಯಿಯವನ ಕಲ್ಲು, ಎಲ್ಲ ಒಂದರ ಮೇಲೊಂದು ಕೂತವು. ಹುಟ್ಟಿದಾಗಿನಿಂದ ಒಂದೇ ಸಾಲಿನಲ್ಲಿ ಕೂರಲು ಒಪ್ಪದ ವ್ಯಾಪಾರಿಗಳನ್ನೆಲ್ಲ ಬೊಮ್ಮಯ್ಯ ಒಂದೇ ಸಂಜೆಯಲ್ಲಿ ಒಗ್ಗೂಡಿಸಿದ. ಮುಂಭಾಗದಲ್ಲಿ ಕುಬ್ರಾಬಿಯ ಅರ್ಧ ಒರಳು. ನಡುವೆ ಕಲ್ಲು ಸಾಲದೆ ಪೊಳ್ಳು ಉಳಿಯಿತು. ಬೆಳಿಗ್ಗೆ ಮೇಲೆ ಹಲಗೆ ಹಾಕಿದರಾಯಿತು ಎಂದು ಮನೆಗೆ ಹೋದ.

ಮರುದಿನ ಬೆಳಿಗ್ಗೆ ಕುಬ್ರಾಬಿ, ಕಲ್ಲುಗಳನ್ನು ಎತ್ತಿದ ಸುದ್ದಿ ಕೇಳಿ ಮೂಟೆಯನ್ನೂ ಆಚೆ ಸಾಗಿಸಿರಬಹುದೆಂದು, ಹಳ್ಳದಾಚೆ ತನಗೆ ಗೊತ್ತುಮಾಡಿದ ಕಡೆ ಹೋಗಿ ನೋಡಿದರೆ ಎತ್ತುಗಳು ಇದ್ದವು, ಸಗಣಿ ಇತ್ತು, ಮೂಟೆ ಮಾತ್ರ ಇರಲಿಲ್ಲ. ಅತ್ತಿಮರದ ಕಡೆ ಓಡಿದಳು. ಅಲ್ಲಿ ಶಾಮಿಯಾನ ಎದ್ದಿತ್ತು. ಜಗಲಿಯ ಮೇಲೆ ಜಮಖಾನ, ಅದರ ಮೇಲೆ ಮುಖಮಲ್ಲಿನ ಕುರ್ಚಿ. ಎಲ್ಲಕ್ಕಿಂತ ಮೊದಲು ಅವಳನ್ನು ಎದುರುಗೊಂಡದ್ದು ಅವಳದ್ದೇ ಮೀನಿನ ವಾಸನೆ.

"ಬೊಮ್ಮಯ್ಯಣ್ಣ, ನನ್ನ ಮೂಟೆ ಎಲ್ಲಿ?"

ಬೊಮ್ಮಯ್ಯ ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ. "ಮುಟ್ಟಿಲ್ಲ ಕುಬ್ರಾಬಿ, ಸತ್ಯವಾಗ್ಲೂ ಮುಟ್ಟಿಲ್ಲ. ಅಹಮದ್ ಸಾಬ್ರು ಕತ್ತಲೆಲಿ ನಿನ್ನ ಒರಳು ಕಂಡು ಅದ್ರ ಪಕ್ಕ ಪೊಳ್ಳಿನೊಳಗೆ ಇಳಿಸಿ ಹೋಗಿದ್ದಾರೆ. ನಾ ಬಂದು ನೋಡ್ತೇನೆ, ಮೂಟೆ. ಕಲ್ಲಿನ ಪಕ್ಕದ ಸರಕು ಮುಟ್ಟಕಾಗ್ತದಾ? ಮೇಲೆ ಹಲಗೆ ಹಾಕ್ದೆ, ಜಮಖಾನ ಹಾಸ್ದೆ, ಕುರ್ಚಿ ಇಟ್ಟೆ. ನಿನ್ನ ಸರಕು ಹೆಂಗಿತ್ತೋ ಹಂಗೇ ಉಂಟು."

ಸಂತೆಯ ಕಟ್ಟಳೆ ಮುಟ್ಟಬೇಡ ಎಂದಿತ್ತು. ಸಮಿತಿಯ ಅಪ್ಪಣೆ ಕುರ್ಚಿ ಇಡು ಎಂದಿತ್ತು. ಬೊಮ್ಮಯ್ಯ ಎರಡನ್ನೂ ಪಾಲಿಸಿದ್ದ. ಮೂಡಿಗೆರೆಯಲ್ಲಿ ಅಂದು ಕರ್ತವ್ಯಲೋಪ ಮಾಡದ ಮನುಷ್ಯ ಅವನೊಬ್ಬನೇ.

"ಈಗ ತೆಗಿ ಮಾರಾಯ! ಆಳುಗಳು ಬರೂ ಹೊತ್ತಾಯ್ತು."

"ನಾ ತೆಗೀಬೇಕಾದ್ರೆ ಸಾವ್ಕಾರ್ರು ಹೇಳ್ಬೇಕು."

ಕುಬ್ರಾಬಿ ಸಾವುಕಾರರ ಹತ್ತಿರ ಹೋದಳು. ಅವರು ಹೊಸ ಪೇಟ ಸುತ್ತಿಕೊಂಡು ರಸ್ತೆಯ ಕಡೆ ಕತ್ತು ಚಾಚಿ ನಿಂತಿದ್ದರು.

"ಸಾವ್ಕಾರ್ರೇ, ಮೀನು—"

"ಇವತ್ತು ಮೀನಿನ ಮಾತು ಎತ್ತಬೇಡ."

"ಮೀನು ಅಲ್ಲೇ—"

"ಆ ಶಬ್ದವೇ ಬೇಡ ಅಂದೆ! ಸಾಹೇಬರ ಕಿವಿಗೆ ಬೀಳಬಾರ್ದು."

ಕುಬ್ರಾಬಿ ಮೀನು ಎಂಬ ಶಬ್ದವನ್ನು ಬಿಟ್ಟು ಹೇಳಲು ನೋಡಿದಳು. "ಕುರ್ಚಿ ಕೆಳಗೆ, ಸಾವ್ಕಾರ್ರೇ..."

"ಕುರ್ಚಿ ಉಸಾಬರಿ ನಿಂಗ್ಯಾಕೆ? ನೀ ಕೂರೂದಾ ಅದ್ರ ಮೇಲೆ? ಆಚೆ ಹೋಗು, ನಿನ್ನಿಂದಲೇ ಇಲ್ಲೆಲ್ಲ ನಾತ."

ಅಲ್ಲಿಗೆ ಅವಳ ಧರ್ಮ ಮುಗಿಯಿತು. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಹೇಳಬೇಕಾದ್ದನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತೋ ಏನೋ ಎಂದುಕೊಳ್ಳುತ್ತಿರುವಾಗಲೇ ಸಾಹೇಬರ ಮೋಟಾರು ಬಂದುಬಿಟ್ಟಿತು.

ಸಾಹೇಬರು ಇಳಿದರು, ಹಾರ ಹಾಕಿಸಿಕೊಂಡರು, ತಮ್ಮ ಹೆಸರು ಕೊರೆದ ಶಂಕುಸ್ಥಾಪನೆಯ ಕಲ್ಲಿಗೆ ಜಗಲಿಯ ಮುಂದೆ ಒಂದು ಕರಣೆ ಗಾರೆ ಹಾಕಿದರು, ಜಗಲಿ ಹತ್ತಿ ಕೂತರು. ಕೂತ ಕೂಡಲೇ ಅವರ ಮೂಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿತು. ಮೋಡ ಕವಿದ ದಿನ ಒಣಮೀನಿನ ವಾಸನೆ ಮೇಲಕ್ಕೆ ಹೋಗುವುದಿಲ್ಲ, ಇದ್ದಲ್ಲೇ ನಿಂತು ಮಾತಾಡಿಸುತ್ತದೆ.

ಅಷ್ಟರಲ್ಲಿ ಓಂಕಾರಮೂರ್ತಿ ಎದ್ದು ಸಮಿತಿಯ ವರದಿ ಓದತೊಡಗಿದ್ದರು. ವರದಿಯ ತಿರುಳು ಇಷ್ಟು: ಈ ಮಾಳದಲ್ಲಿ ತಲೆತಲಾಂತರದಿಂದ ಬೇರೂರಿದ್ದ ದುರ್ಗಂಧವನ್ನು ಸಮಿತಿಯು ತನ್ನ ಅವಿಶ್ರಾಂತ ದುಡಿಮೆಯಿಂದ ನಿರ್ಮೂಲ ಮಾಡಿದೆ.

ಸಾಹೇಬರು ಬಾಗಿ ಮೆಲ್ಲಗೆ ಕೇಳಿದರು. "ಏನ್ರೀ, ಏನೋ ವಾಸನೆ ಬರ್ತಿದೆಯಲ್ಲ?"

ಓಂಕಾರಮೂರ್ತಿಯವರ ಕೈಯಲ್ಲಿ ವರದಿ ಇತ್ತು, ಮೂಗಿನಲ್ಲಿ ಮೀನಿತ್ತು. ಅವರು ವರದಿಯನ್ನೇ ನಂಬಿದರು. "ವಾಸನೆಯೇ ಮಹಾಸ್ವಾಮಿ? ನನಗೇನೂ ಬರ್ತಿಲ್ಲ."

ಸಾಹೇಬರು ಉಳಿದ ಸದಸ್ಯರತ್ತ ನೋಡಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೂಡಿಗೆರೆಯ ಗಾಳಿ ಮಲ್ಲಿಗೆಯ ಹಾಗಿದೆ ಎಂಬಂತೆ ಎದೆ ತುಂಬ ಉಸಿರೆಳೆದರು. ಒಬ್ಬರ ಕಣ್ಣಲ್ಲಿ ನೀರು ಬಂತು. ಅಧ್ಯಕ್ಷ ಜಯದೇವಪ್ಪನವರನ್ನು ಕೇಳಿದ್ದಕ್ಕೆ, "ನನಗಂತೂ ಏನೂ ಇಲ್ಲಪ್ಪ," ಎಂದರು. ಅವರ ಮೂಗು ನಸ್ಯಕ್ಕೆ ಬಲಿಯಾಗಿ ಬಹಳ ಕಾಲವಾಗಿತ್ತು. ಆ ಜಗಲಿಯ ಮೇಲೆ ಸುಳ್ಳು ಹೇಳದೆ ಪಾರಾದವರು ಅವರೊಬ್ಬರು.

 ಇಷ್ಟು ಜನ ಗಣ್ಯರಿಗೆ ಬರದ ವಾಸನೆ ತಮಗೊಬ್ಬರಿಗೇ ಬರುವುದೆಂದರೆ ಅದು ತಮ್ಮದೇ ಇರಬಹುದೋ ಎಂದು ಅನುಮಾನ ಹತ್ತಿತೇನೋ, ಸಾಹೇಬರು ಯಾರಿಗೂ ಕಾಣದ ಹಾಗೆ ಕೋಟಿನ ತೋಳನ್ನು ಒಮ್ಮೆ ಮೂಸಿ ನೋಡಿದರು.

ಅಷ್ಟು ಹೊತ್ತಿಗೆ ತೋಟಗಳ ಆಳುಗಳು ಬಂದರು. ಭೂತಯ್ಯ ಎಂಬುವವನು ಹತ್ತು ಹದಿನೈದು ಹೆಣ್ಣಾಳುಗಳನ್ನು ಹಿಂದೆ ಹಾಕಿಕೊಂಡು ಮುಂದಿದ್ದ. ಎಲ್ಲರ ಹೆಗಲಲ್ಲೂ ಖಾಲಿ ಚೀಲ. ಅವರು ಸಂತೆಯಲ್ಲಿ ಅತ್ತಿತ್ತ ನೋಡಲಿಲ್ಲ. ಮೂಗು ಎಳೆದ ಕಡೆ ನಡೆದು ನೇರವಾಗಿ ಜಗಲಿಯ ಮುಂದೆ ಬಂದು ನಿಂತರು. ಮೂಗು ಇದ್ದವರು ಹುಡುಕಿಕೊಂಡು ಬರುತ್ತಾರೆ ಎಂದ ಸಾವುಕಾರರ ಮಾತು ಸುಳ್ಳಾಗಲಿಲ್ಲ.

"ಬೂಬಮ್ಮ, ಈ ಸಲ ಒಳ್ಳೆ ಸರಕು ಬಂದಂಗುಂಟಲ್ಲ," ಎಂದ ಭೂತಯ್ಯ ಕುಬ್ರಾಬಿಯನ್ನು ಕಂಡು. "ಎಲ್ಲಿಟ್ಟೀಯ?"

ಕುಬ್ರಾಬಿ ಕಣ್ಣಿನಲ್ಲೇ ಕುರ್ಚಿಯ ಕೆಳಗೆ ತೋರಿಸಿದಳು.

ಭೂತಯ್ಯ ಕುರ್ಚಿ ನೋಡಿದ, ಕುರ್ಚಿಯ ಮೇಲಿದ್ದವರನ್ನು ನೋಡಿದ. "ಅವ್ರು ಯಾವಾಗ ಏಳ್ತಾರೆ?"

"ಭಾಷಣ ಮುಗಿದ ಮೇಲೆ."

"ಹಂಗಾರೆ ಇಲ್ಲೇ ನಿಲ್ರೇ," ಎಂದು ಅವನು ಹಿಂದಿನವರಿಗೆ ಹೇಳಿದ. "ಹಿಂದೆ ಬಿದ್ರೆ ಬರೀ ಚೂರೇ ಸಿಕ್ಕೂದು. ಮುಂದೆ ಒತ್ಕೊಂಡು ನಿಲ್ಲಿ."

ಅವರು ಒತ್ತಿಕೊಂಡು ನಿಂತರು. ಅವರ ಹಿಂದೆ ಇನ್ನೊಂದು ತೋಟದವರು, ಅವರ ಹಿಂದೆ ಮತ್ತೊಂದು ತೋಟದವರು. ಸಂತೆಯ ಒಳಗೆಲ್ಲ ಖಾಲಿಯಾಗಿ ಜಗಲಿಯ ಮುಂದೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ ಸೇರಿದರು. ಎಲ್ಲರ ಕಣ್ಣೂ ಸಾಹೇಬರ ಕಾಲಿನ ಬಳಿ ನೆಟ್ಟಿತ್ತು. ಇಷ್ಟು ವಿನಯದ ಪ್ರಜೆಗಳನ್ನು ಸಾಹೇಬರು ತಮ್ಮ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಅವರಿಗೆ ವಾಸನೆ ಮರೆತುಹೋಯಿತು. ಎದ್ದು ನಿಂತು ಮಾತಾಡತೊಡಗಿದರು.

ಎದ್ದರು ಎಂದು ಭೂತಯ್ಯ ಚೀಲ ಬಿಚ್ಚಿದ. ಹಿಂದಿನವರೆಲ್ಲ ಬಿಚ್ಚಿದರು. ಸಾಹೇಬರು ಕುರ್ಚಿಯ ಮುಂದೆಯೇ ನಿಂತಿದ್ದಾರೆ, ಜಗಲಿಯಿಂದ ಇಳಿಯಲಿಲ್ಲ ಎಂದು ತಿಳಿದು ಮತ್ತೆ ಮಡಿಸಿದರು. ಸಾಹೇಬರು ಅದನ್ನು ಚಪ್ಪಾಳೆಯ ಹಳ್ಳಿಗಾಡಿನ ರೀತಿ ಎಂದುಕೊಂಡು ಇನ್ನಷ್ಟು ಉಬ್ಬಿದರು. ನಾಗರಿಕತೆ ಎಂದರೇನು ಎಂಬಲ್ಲಿಂದ ಹೊರಟು ಕೃಷಿ, ಶಿಕ್ಷಣ, ಸೊಳ್ಳೆ ಎಲ್ಲವನ್ನೂ ಮುಟ್ಟಿದರು.

ಕುಬ್ರಾಬಿ ಅತ್ತಿಮರಕ್ಕೆ ಒರಗಿ ಆಕಾಶ ನೋಡುತ್ತಿದ್ದಳು. ಪಡುವಣ ಗುಡ್ಡಗಳ ನೆತ್ತಿ ಕಪ್ಪಾಗುತ್ತಿತ್ತು. ಮಳೆ ಬಂದರೆ ಆಳುಗಳು ಚದುರಿ ಹೋಗುತ್ತಾರೆ. ಹೋದವರು ಬರಿಗೈಯಲ್ಲಿ ಹೋಗುವುದಿಲ್ಲ, ದಾರಿಯಲ್ಲಿ ಬಣಕಲ್ಲಿನವನ ಹತ್ತಿರ ಕೊಳ್ಳುತ್ತಾರೆ. ಮುಂದಿನ ವರ್ಷ ನೇರ ಅಲ್ಲಿಗೇ ಹೋಗುತ್ತಾರೆ. "ಯಾ ಅಲ್ಲಾ, ಇವರ ಬಾಯಿ ಮುಚ್ಚಿಸು, ಇಲ್ಲಾ ಆಕಾಶದ ಬಾಯಿ ಮುಚ್ಚಿಸು," ಎಂದು ಗೊಣಗಿದಳು.

ಪಕ್ಕದಲ್ಲಿದ್ದ ಯಲ್ಲಮ್ಮ, "ಆಕಾಶದ್ದೇ ಕೇಳು ಮಾರಾಯ್ತಿ, ಸುಲಭ," ಎಂದಳು.

ಭಾಷಣ ತುದಿಗೆ ಬಂದಾಗ ಸಾಹೇಬರ ಮನಸ್ಸು ಪೂರ್ತಿ ತುಂಬಿ ಬಂದಿತ್ತು. ಕೈ ಚಾಚಿ ಹೇಳಿದರು. "ಇಷ್ಟು ಜನ ಇಷ್ಟು ಪ್ರೀತಿಯಿಂದ ಬಂದು ನಿಲ್ಲುವ ಈ ಜಾಗದಲ್ಲಿ ಗೋಡೆ ಎಬ್ಬಿಸುವುದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ. ಈ ಮುಂದಿನ ಸಾಲು ಹೀಗೆಯೇ ಬಯಲಾಗಿ ಜನರಿಗೆ ಬಿಟ್ಟಿರಲಿ. ಅಂಗಡಿಗಳನ್ನು ಹಿಂದೆ, ಆ ಹಳ್ಳದ ಆಚೆ ಕಟ್ಟಿ. ಇದು ನನ್ನ ಆಜ್ಞೆ ಎಂದೇ ತಿಳಿಯಿರಿ."

 ಎಲ್ಲರಿಗಿಂತ ಮೊದಲು ಓಂಕಾರಮೂರ್ತಿ ಚಪ್ಪಾಳೆ ತಟ್ಟಿದರು. ಸಾಹೇಬರ ಮಾತಿಗೆ ಚಪ್ಪಾಳೆ ತಟ್ಟುವುದು ಅವರ ಕೈಗಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಮಾತಿನ ಅರ್ಥ ತಲೆಗೆ ಹೋಗುವ ಮೊದಲೇ ಅವು ಕೆಲಸ ಮುಗಿಸಿದ್ದವು. ಅರ್ಥ ತಲುಪಿದಾಗ ಮುಖ ಬಾಡಿತು, ಕೈ ಮಾತ್ರ ನಿಲ್ಲಲಿಲ್ಲ.

ಆಗ ಮಳೆ ಬಂತು. ಮಲೆನಾಡಿನ ಮೊದಲ ಮಳೆ ಹನಿ ಹನಿಯಾಗಿ ಬಂದು ಮುನ್ಸೂಚನೆ ಕೊಡುವುದಿಲ್ಲ, ಕೊಡ ಬೋರಲು ಹಾಕಿದ ಹಾಗೆ ಬೀಳುತ್ತದೆ. ಸಾಹೇಬರು ಮೋಟಾರಿಗೆ ಓಡಿದರು, ಸಮಿತಿ ಸಾಹೇಬರ ಹಿಂದೆ ಓಡಿತು. ಉಪ್ಪಿನವನ ಉಪ್ಪು ಕರಗಿತು, ಬೆಲ್ಲದವನ ಬೆಲ್ಲ ಒಸರಿತು. ಓಂಕಾರಮೂರ್ತಿಯವರು ಸಾಹೇಬರಿಗೆ ತೋರಿಸಲೆಂದು ಬಯಲಲ್ಲಿ ಹರಡಿದ್ದ ಸೀರೆಗಳ ಬಣ್ಣ ಒಂದರೊಳಗೊಂದು ಸೇರಿ ಊರಿಗೆ ಹೊಸ ನಮೂನೆಯೊಂದನ್ನು ಕೊಟ್ಟಿತು.

ಭೂತಯ್ಯ ಮತ್ತು ಬೊಮ್ಮಯ್ಯ ಹಲಗೆ ಎತ್ತಿದರು. ಶಾಮಿಯಾನದ ಕೆಳಗೆ, ಜಮಖಾನದ ಕೆಳಗೆ, ಹಲಗೆಯ ಕೆಳಗೆ ಕುಬ್ರಾಬಿಯ ಮೂಟೆಗಳು ಬೆಚ್ಚಗೆ, ಒಣಗಿ ಗರಿಗರಿಯಾಗಿ ಕೂತಿದ್ದವು. ಸಾಹೇಬರಿಗೇ ಸಿಗದಷ್ಟು ಬಂದೋಬಸ್ತು ಅವಕ್ಕೆ ಸಿಕ್ಕಿತ್ತು. ಒಬ್ಬ ಆಳು ಕೂಡ ಕದಲಿರಲಿಲ್ಲ, ಎಲ್ಲರೂ ಎಲೆ ಹೆಣೆದ ಗೊರಬು ಹೊದ್ದು ಸಾಲು ಹಿಡಿದೇ ನಿಂತಿದ್ದರು. ಕತ್ತಲಾಗುವ ಮುಂಚೆ ಮೂಟೆಗಳ ತಳದಲ್ಲಿ ಬರೀ ಉಪ್ಪಿನ ಹರಳು ಉಳಿಯಿತು.

ಮುಂದಿನ ಶುಕ್ರವಾರ ವ್ಯಾಪಾರಿಗಳು ಬಂದು ಜಗಲಿಯಿಂದ ತಮ್ಮ ತಮ್ಮ ಕಲ್ಲನ್ನು ಕಳಚಿಕೊಂಡು ಹೋದರು. ಯಾರೂ ಯಾರ ಕಲ್ಲಿಗೂ ಕೈ ಹಾಕಲಿಲ್ಲ. ವೇದಿಕೆ ಹೀಗೆ ತಾನಾಗಿ ಕರಗಿತು. ಕುಬ್ರಾಬಿ ತನ್ನ ಒರಳನ್ನು ಎತ್ತಲೇ ಇಲ್ಲ. ಅದು ಇರಬೇಕಾದಲ್ಲೇ ಇತ್ತು.

ಮಳೆಗಾಲ ಕಳೆದು ಘಾಟಿ ದಾರಿ ಒಣಗಿದ ಮೇಲೆ ಅಹಮದನ ಗಾಡಿ ಬಂತು. ಆ ದಿನ ಕುಬ್ರಾಬಿ ಬೇಕೆಂದೇ ಬೇಗ ಎದ್ದು ಬಂದು ಕಾಯುತ್ತಿದ್ದಳು. ಯಲ್ಲಮ್ಮನೂ ಜೊತೆಗಿದ್ದಳು. ಅಹಮದ್ ಲಾಟೀನು ಹಿಡಿದು ನೋಡಿದ. ಅತ್ತಿಮರದ ಬುಡದಲ್ಲಿ ಈಗ ಎರಡು ಕಲ್ಲುಗಳಿದ್ದವು. ಒಂದು ಅರ್ಧ ಒರಳು, ಇನ್ನೊಂದು ನುಣ್ಣಗೆ ಕೆತ್ತಿ ಅಕ್ಷರ ಕೊರೆದದ್ದು.

"ಈ ಹೊಸ ಕಲ್ಲು ಯಾರದ್ದು ಕುಬ್ರಾಬಿ?"

"ದೊಡ್ಡ ಸಾಹೇಬ್ರದ್ದು. ಅವ್ರೂ ಕಲ್ಲಿಟ್ಟು ಹೋಗಿದ್ದಾರಲ್ಲ, ಸಂತೆಗೆ ಬಂದ ದಿನ ಜಾಗ ಬಿಟ್ಟುಕೊಡ್ತೇನೆ."

"ಬಂದ್ರೆ ಎಂತ ಮಾರ್ತಾರಂತೆ?" ಎಂದಳು ಯಲ್ಲಮ್ಮ.

ಕುಬ್ರಾಬಿ ಎರಡೂ ಕಲ್ಲುಗಳ ಮೇಲೆ ಸೇರಿಸಿ ಗೋಣಿ ಹಾಸಿ, ಮೂಟೆಯ ಬಾಯಿ ಬಿಚ್ಚಿದಳು.